ಬ್ಲೂ-ರೇ ಪ್ಲೇಯರ್‌ಗಳು ನಿಂತು ಹೋಗುತ್ತಿವೆ, ಈಗ ಅಮೆರಿಕದಿಂದ ಒಂದು ತರಿಸಬಹುದಾ?

ಹುಬ್ಬಳ್ಳಿಯಿಂದ ಕೇಳಿದ್ದೀರಿ. ಮನೆಗೆ 55 ಇಂಚಿನ 4ಕೆ ಟಿವಿ ಬಂದಿದೆ, ಡಿಸೆಂಬರ್‌ನಲ್ಲಿ ನಿಮ್ಮ ಅಣ್ಣ ಅಮೆರಿಕದಿಂದ ಬರುತ್ತಿದ್ದಾರೆ. ಅವರ ಕೈಲಿ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಸಿನಿಮಾ ಡಿಸ್ಕ್) ಪ್ಲೇಯರ್ ತರಿಸಲಾ, ಕಂಪನಿಗಳೆಲ್ಲ ಇದನ್ನು ಯಾಕೆ ಬಿಡುತ್ತಿವೆ, ದುಡ್ಡು ದಂಡ ಆಗುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ಸಿನಿಮಾ ಅಂದರೆ ನಿಮಗೆ ಪ್ರಾಣ ಅನ್ನೋದಾದರೆ ತರಿಸಿ. ಇನ್ನೊಂದೆರಡು ವರ್ಷ ನೋಡೋಣ ಅಂತ ಮುಂದೆ ಹಾಕಬೇಡಿ. ಡಿಸ್ಕ್ ಇನ್ನೂ ಬಹಳ ಕಾಲ ಸಿಗುತ್ತದೆ, ಹೊಸದು ಸಿಗದಿದ್ದರೆ ಸೆಕೆಂಡ್ ಹ್ಯಾಂಡ್ ಆದರೂ ಸಿಗುತ್ತದೆ. ಸಿಗದೆ ಹೋಗುವುದು ಪ್ಲೇಯರ್. ಇದು ನನ್ನ ಮನೆಯಲ್ಲೇ ಆದದ್ದು.

ನಾನು ನ್ಯೂಜೆರ್ಸಿಯಲ್ಲಿ ಏಳು ವರ್ಷ ಇದ್ದು 2016ರಲ್ಲಿ ಮೈಸೂರಿಗೆ ವಾಪಸ್ ಬಂದೆ. ಬರುವಾಗ ಸುಮಾರು 140 ಬ್ಲೂ-ರೇ ಡಿಸ್ಕ್ ಮತ್ತು ಒಂದು ಪ್ಲೇಯರ್ ತಂದೆ. ಬಟ್ಟೆ ಕಡಿಮೆ ಮಾಡಿ ಇವನ್ನು ತುಂಬಿಕೊಂಡಿದ್ದೆ. ಇವತ್ತಿಗೂ ಆ ಡಿಸ್ಕ್‌ಗಳಲ್ಲಿ ಒಂದೂ ಕೆಟ್ಟಿಲ್ಲ. ಕೆಟ್ಟದ್ದು ಪ್ಲೇಯರ್. ಐದನೇ ವರ್ಷ ಒಂದು ದಿನ ಡಿಸ್ಕ್ ಹಾಕಿದರೆ ಗಿರ್ ಅಂತ ತಿರುಗಿತು, ನಿಂತಿತು, ಮತ್ತೆ ತಿರುಗಿತು, ಕೊನೆಗೆ ಡಿಸ್ಕ್ ಇಲ್ಲ ಅಂತ ತೋರಿಸಿತು. ಡಿವಿಡಿ ಹಾಕಿದರೆ ಓಡುತ್ತಿತ್ತು. ಬ್ಲೂ-ರೇ ಮಾತ್ರ ಇಲ್ಲ.

ಕಾರಣ ಒಳಗಿದೆ. ಒಂದೇ ಪೆಟ್ಟಿಗೆ ಮೂರು ತರದ ಡಿಸ್ಕ್ ಓದಬೇಕಲ್ವಾ, ಅದಕ್ಕೆ ಮೂರು ಬೇರೆ ಲೇಸರ್ ಬೆಳಕು ಬೇಕು. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405. ಆ 405ರ ನೀಲಿ-ನೇರಳೆ ಬೆಳಕಿನಿಂದಲೇ ಇದಕ್ಕೆ ಬ್ಲೂ-ರೇ ಅನ್ನೋ ಹೆಸರು. ಬೆಳಕಿನ ಅಲೆ ಸಣ್ಣದಾದಷ್ಟೂ ಸಣ್ಣ ಗುರುತುಗಳನ್ನು ಓದಬಹುದು. ಡಿವಿಡಿಯ ಒಂದು ಪದರಕ್ಕೆ 4.7 ಜಿಬಿ ಹಿಡಿದರೆ ಬ್ಲೂ-ರೇ ಪದರಕ್ಕೆ 25 ಜಿಬಿ ಹಿಡಿಯುವುದು ಇದರಿಂದಲೇ. ನನ್ನ ಪ್ಲೇಯರ್‌ನಲ್ಲಿ ಮಂಕಾಗಿದ್ದು ಆ ನೀಲಿ ಲೇಸರ್.

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಆ ಪಾರ್ಟ್ ಇರಲಿಲ್ಲ, ತರಿಸಿಕೊಡುವುದೂ ಇಲ್ಲ ಅಂದರು. ನಮ್ಮ ಬಡಾವಣೆಯ ಟಿವಿ ರಿಪೇರಿಯವರು ಮೇಲಿನ ತಗಡು ಬಿಚ್ಚಿ ತೋರಿಸಿದರು. ದೊಡ್ಡ ಪೆಟ್ಟಿಗೆಯೊಳಗೆ ಮುಕ್ಕಾಲು ಪಾಲು ಖಾಲಿ. ಮಧ್ಯದಲ್ಲಿ ಎರಡು ಉಕ್ಕಿನ ಕಡ್ಡಿಗಳ ಮೇಲೆ ಹಿಂದೆ ಮುಂದೆ ಜಾರುವ ಒಂದು ಪುಟ್ಟ ಗಾಡಿ, ಅದರ ಮೇಲೆ ತೊಗರಿಬೇಳೆಯಷ್ಟಗಲದ ಲೆನ್ಸ್. ಅವರು ಇಯರ್ ಬಡ್ಸ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಉಸಿರು ಬಿಗಿಹಿಡಿದು ಒರೆಸಿದರು. ಮೂರು ತಿಂಗಳು ಓಡಿತು. ಆಮೇಲೆ ಅದೂ ಇಲ್ಲ. 140 ಡಿಸ್ಕ್ ಕಪಾಟಿನಲ್ಲಿ ಸುಮ್ನೆ ಕೂತಿದ್ದವು. ಆಗ ನನಗಾದ ಬೇಜಾರು ಇನ್ನೂ ನೆನಪಿದೆ. ಇನ್ನೊಂದು ಪ್ಲೇಯರ್ ಹುಡುಕಲು ಒಂದು ವರ್ಷವೇ ಹಿಡಿಯಿತು.

ಇನ್ನು ಕಂಪನಿಗಳು ಯಾಕೆ ಬಿಟ್ಟವು ಅನ್ನೋದಕ್ಕೆ ಬರುತ್ತೇನೆ. ನೆಟ್ ಬಂತು, ಡಿಸ್ಕ್ ಹೋಯಿತು ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ಅಷ್ಟೇ ಅಲ್ಲ.

2006ರಲ್ಲಿ ಎರಡು ಗುಂಪುಗಳು ಒಟ್ಟಿಗೆ ಕಣಕ್ಕಿಳಿದವು. ತೋಷಿಬಾ ಕಡೆಯದು ಎಚ್‌ಡಿ ಡಿವಿಡಿ, ಸೋನಿ ಕಡೆಯದು ಬ್ಲೂ-ರೇ. ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್ ಆ ವರ್ಷ ಅಮೆರಿಕದಲ್ಲಿ ಸಾವಿರ ಡಾಲರ್‌ಗೆ ಬಂತು. ಒಂದರ ಡಿಸ್ಕ್ ಇನ್ನೊಂದರಲ್ಲಿ ಓಡುವುದಿಲ್ಲ. ಯಾವುದು ಉಳಿಯುತ್ತೋ ಅಂತ ಜನ ಎರಡನ್ನೂ ಕೊಳ್ಳದೆ ಕಾದರು. 2008ರ ಜನವರಿಯಲ್ಲಿ ಹಾಲಿವುಡ್ ಸ್ಟುಡಿಯೋ ವಾರ್ನರ್ ಬ್ರದರ್ಸ್ ಬ್ಲೂ-ರೇ ಕಡೆ ವಾಲಿತು, ಫೆಬ್ರವರಿಯಲ್ಲಿ ತೋಷಿಬಾ ಕೈಬಿಟ್ಟಿತು. ಆದರೆ ಅದಕ್ಕೆ ಒಂದು ವರ್ಷ ಮುಂಚೆ, 2007ರ ಜನವರಿಯಲ್ಲೇ, ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಶುರುಮಾಡಿ ಆಗಿತ್ತು. ಕೋರ್ಟು ಕಚೇರಿ ಬಗ್ಗೆ ನಮ್ಮಲ್ಲಿ ಒಂದು ಮಾತಿದೆ, ಗೆದ್ದವನು ಸೋತ, ಸೋತವನು ಸತ್ತ ಅಂತ. ಇಲ್ಲೂ ಹಾಗೇ ಆಯಿತು. ಆ ಎರಡು ವರ್ಷ ಜಗಳದಲ್ಲಿ ಕಳೆಯದೆ ಇದ್ದಿದ್ದರೆ ಬ್ಲೂ-ರೇ ಇನ್ನಷ್ಟು ಮನೆಗಳಲ್ಲಿ ಬೇರು ಬಿಡುತ್ತಿತ್ತು ಅನ್ನೋದು ನನ್ನ ನಂಬಿಕೆ.

ಆಮೇಲೆ ಬೆಲೆ ಬಿದ್ದದ್ದು ಬಿದ್ದದ್ದೇ. ಸಾವಿರ ಡಾಲರ್‌ನ ವಸ್ತು ಕೆಲವೇ ವರ್ಷಗಳಲ್ಲಿ ನೂರಕ್ಕಿಂತ ಕೆಳಗೆ ಬಂತು. ಕೊಳ್ಳುವವರಿಗೆ ಸಂತೋಷ, ಮಾಡುವವರಿಗೆ ಏನೂ ಗಿಟ್ಟುವುದಿಲ್ಲ. ಪೇಟೆಂಟ್ ಲೈಸೆನ್ಸ್ ಖರ್ಚು ಬೇರೆ. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 3 ಕೊಂಡವರಿಗೆ ಪ್ಲೇಯರ್ ಅದರೊಳಗೇ ಬಂದಿತ್ತು. ಟಿವಿಗಳೇ ಸ್ಮಾರ್ಟ್ ಆದ ಮೇಲೆ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಯಾಕೆ ಅಂತ ಜನಕ್ಕೆ ಅನಿಸಿತು.

4ಕೆ ಡಿಸ್ಕ್, ಅಂದರೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ, ಬಂದಿದ್ದು 2016ರಲ್ಲಿ. ನಮ್ಮಲ್ಲಿ ಜಿಯೋ ಬಂದಿದ್ದೂ ಅದೇ ವರ್ಷ. ಆ ಕಡೆ ಎರಡೇ ವರ್ಷಕ್ಕೆ, 2018ರಲ್ಲಿ, ಸಿನಿಮಾ ಹುಚ್ಚಿನವರೆಲ್ಲ ಕೊಂಡಾಡುತ್ತಿದ್ದ ಓಪ್ಪೋ ಡಿಜಿಟಲ್ ಕಂಪನಿ ಪ್ಲೇಯರ್ ಮಾಡುವುದನ್ನು ನಿಲ್ಲಿಸಿತು. 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಮಾಡೆಲ್ ತರುವುದಿಲ್ಲ ಅಂದಿತು. 2024ರ ಕೊನೆಯಲ್ಲಿ ಎಲ್‌ಜಿಯೂ ನಿಲ್ಲಿಸಿತು. ಅಲ್ಲಿದ್ದಾಗ ನಾನು ವಾರವಾರ ಕಾಯುತ್ತಿದ್ದ, ಅಂಚೆಯಲ್ಲಿ ಬಾಡಿಗೆ ಡಿಸ್ಕ್ ಹೊತ್ತು ಬರುತ್ತಿದ್ದ ನೆಟ್‌ಫ್ಲಿಕ್ಸ್‌ನ ಕೆಂಪು ಲಕೋಟೆಗಳು 2023ರ ಸೆಪ್ಟೆಂಬರ್‌ಗೆ ಮುಗಿದವು. ನನ್ನ ಮೊದಲ ಡಿಸ್ಕ್ ಕೊಂಡಿದ್ದು ಬೆಸ್ಟ್ ಬೈ ಅಂಗಡಿಯಲ್ಲಿ, ಅಲ್ಲಿ ಉದ್ದುದ್ದ ಸಾಲುಗಳಲ್ಲಿ ಬರೀ ಸಿನಿಮಾ ಇರುತ್ತಿತ್ತು. 2024ರಲ್ಲಿ ಅವರು ಡಿಸ್ಕ್ ಮಾರುವುದನ್ನೇ ಬಿಟ್ಟರು. ಆ ವರ್ಷ ಅಮೆರಿಕದಲ್ಲಿ ಎಲ್ಲ ತರದ ಸಿನಿಮಾ ಡಿಸ್ಕ್ ಸೇರಿಸಿದರೂ ಮಾರಾಟ 100 ಕೋಟಿ ಡಾಲರ್ ಮುಟ್ಟಲಿಲ್ಲ.

ಭಾರತದ ಕಥೆ ಚಿಕ್ಕದು. ಇಲ್ಲಿ ಬ್ಲೂ-ರೇ ಊರಲೇ ಇಲ್ಲ. ಮೋಸರ್ ಬೇರ್ ಕಂಪನಿ 34 ರೂಪಾಯಿಗೆ ಡಿವಿಡಿ ಕೊಟ್ಟ ದೇಶ ಇದು. ಅಂಥಲ್ಲಿ ಒಂದು ಸಿನಿಮಾಗೆ ಸಾವಿರ ರೂಪಾಯಿ ಕೇಳಿದರೆ ಯಾರು ಕೊಡುತ್ತಾರೆ? ಕನ್ನಡ ಚಿತ್ರಗಳಂತೂ ಬ್ಲೂ-ರೇಯಲ್ಲಿ ಬಂದದ್ದು ಬಹಳ ಕಡಿಮೆ. ನೀವು ಕನ್ನಡ ಸಿನಿಮಾಕ್ಕಾಗಿಯೇ ತರಿಸುವುದಾದರೆ ಬೇಡ, ನಿರಾಸೆ ಆಗುತ್ತದೆ. ಗಿರೀಶ್ ಕಾಸರವಳ್ಳಿ ಅವರ ಘಟಶ್ರಾದ್ಧವನ್ನು 4ಕೆಯಲ್ಲಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇಂಥ ಕೆಲಸಗಳು ಒಂದೊಂದಾಗಿ ಡಿಸ್ಕ್ ಆಗಿ ನಮ್ಮ ಮನೆಗೆ ಬರಬೇಕು ಅಂತ ನನಗೆ ತುಂಬಾ ಆಸೆ.

ಇಷ್ಟೆಲ್ಲ ಇದ್ದರೂ ಯಾಕೆ ತರಿಸಿ ಅನ್ನುತ್ತಿದ್ದೇನೆ? ಕಳೆದ ವರ್ಷ ಒಂದೇ ಸಿನಿಮಾದ ಒಂದೇ ದೃಶ್ಯವನ್ನು ಸ್ಟ್ರೀಮಿಂಗ್, ಡಿಸ್ಕ್ ಎರಡರಲ್ಲೂ ಅಪ್ಪನಿಗೆ ತೋರಿಸಿದೆ. ರಾತ್ರಿ, ನದಿ, ದೋಣಿಯಲ್ಲಿ ಒಬ್ಬ ಮುದುಕ, ಪಕ್ಕದಲ್ಲಿ ಒಂದು ಲಾಟೀನು. ಸ್ಟ್ರೀಮಿಂಗ್‌ನಲ್ಲಿ ಲಾಟೀನಿನ ಸುತ್ತ ಬೆಳಕು ಬಳೆ ಬಳೆಯಾಗಿ ಕಾಣುತ್ತಿತ್ತು. ಕತ್ತಲ ಜಾಗದಲ್ಲಿ ಚೌಕಚೌಕವಾಗಿ ಏನೋ ಹರಿದಾಡುತ್ತಿತ್ತು. ಡಿಸ್ಕ್‌ನಲ್ಲಿ ಬೆಳಕು ಮೆಲ್ಲಗೆ ಕತ್ತಲಿಗೆ ಕರಗುತ್ತಿತ್ತು, ಮುದುಕನ ಕೆನ್ನೆಯ ಗಡ್ಡ ಕಾಣುತ್ತಿತ್ತು. ಅಪ್ಪನಿಗೆ 4ಕೆ ಗೊತ್ತಿಲ್ಲ, ಏನೂ ಗೊತ್ತಿಲ್ಲ. "ಇದರಲ್ಲಿ ಅವನ ಮುಖ ಕಾಣುತ್ತೆ ಕಣೋ" ಅಂದರು. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್‌ನ ಕನೆಕ್ಷನ್. 4ಕೆ ಡಿಸ್ಕ್ ಸೆಕೆಂಡಿಗೆ 100 ಮೆಗಾಬಿಟ್‌ಗಿಂತ ಹೆಚ್ಚು ಕೊಡಬಲ್ಲದು. ಸಾಲದ್ದಕ್ಕೆ ಧ್ವನಿಯನ್ನು ಒತ್ತಿ ಕುಗ್ಗಿಸಿ ಹಾಳುಮಾಡಿರುವುದಿಲ್ಲ. ಒಳ್ಳೆಯ ಸ್ಪೀಕರ್ ಇದ್ದರೆ ಇದು ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ.

ಇನ್ನೊಂದು, ಡಿಸ್ಕ್ ನಿಮ್ಮದು. ಅಲ್ಟ್ರಾವಯಲೆಟ್ ಅಂತ ಒಂದು ವ್ಯವಸ್ಥೆ ಇತ್ತು. ಹಾಲಿವುಡ್ ಸ್ಟುಡಿಯೋಗಳೇ ಸೇರಿ ಕಟ್ಟಿದ್ದು, ಕೊಂಡ ಸಿನಿಮಾಗಳ ಡಿಜಿಟಲ್ ಕಪಾಟು ಇದ್ದಂತೆ. 2019ರ ಜುಲೈನಲ್ಲಿ ಅದನ್ನೂ ಮುಚ್ಚಿದರು. ನನ್ನ ಹೆಸರಲ್ಲೂ ಅಲ್ಲಿ ಹತ್ತಾರು ಸಿನಿಮಾ ಇದ್ದವು. ಎಲ್ಲವನ್ನೂ ಬೇರೆ ಕಡೆಗೆ ವರ್ಗ ಮಾಡಿಕೊಳ್ಳಲು ಒಂದು ವಾರ ಒದ್ದಾಡಿದೆ. ಕಪಾಟಿನಲ್ಲಿರುವ ಡಿಸ್ಕ್‌ಗೆ ಅಂಥ ಗತಿ ಬರುವುದಿಲ್ಲ.

ಈಗ ಅಣ್ಣನಿಗೆ ಏನು ಹೇಳಬೇಕು ಅನ್ನೋದು. ಸಾದಾ ಬ್ಲೂ-ರೇ ಪ್ಲೇಯರ್ ಬೇಡ, ಅಲ್ಟ್ರಾ ಎಚ್‌ಡಿ ಪ್ಲೇಯರ್ರೇ ಆಗಲಿ. ಅದು ಹಳೆಯ ಬ್ಲೂ-ರೇ, ಡಿವಿಡಿ ಎಲ್ಲವನ್ನೂ ಓದುತ್ತದೆ. ಹೆಸರಾಂತ ಕಂಪನಿಗಳಲ್ಲಿ ಈಗ ನೆಚ್ಚಿಕೊಳ್ಳಬಹುದಾದವು ಸೋನಿ ಮತ್ತು ಪ್ಯಾನಸೋನಿಕ್ ಅಷ್ಟೇ. ನಾನಾದರೆ ಪ್ಯಾನಸೋನಿಕ್ ಯುಬಿ820 ತರಿಸುತ್ತೇನೆ, ಕತ್ತಲ ದೃಶ್ಯಗಳನ್ನು ಟಿವಿಗೆ ತಕ್ಕಂತೆ ಹೊಂದಿಸುವುದರಲ್ಲಿ ಅದು ಮುಂದು. ಮಕ್ಕಳು ಗೇಮ್ ಆಡುತ್ತಾರೆ ಅಂದರೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಸಾಕು, ಅದೂ 4ಕೆ ಡಿಸ್ಕ್ ಓಡಿಸುತ್ತದೆ. ಪ್ರೋ ಮಾಡೆಲ್‌ನಲ್ಲಿ ಡ್ರೈವ್ ಬರುವುದಿಲ್ಲ, ಹುಷಾರು. ಕಂಪ್ಯೂಟರ್‌ಗೆ ಡ್ರೈವ್ ಹಾಕಿ ನೋಡುತ್ತೇನೆ ಅನ್ನುವ ಯೋಚನೆ ಇದ್ದರೆ ಬಿಡಿ. 4ಕೆ ಡಿಸ್ಕ್‌ಗೆ ಬೇಕಿದ್ದ ಒಂದು ಭದ್ರತಾ ಸೌಲಭ್ಯವನ್ನು ಇಂಟೆಲ್ ತನ್ನ 11ನೇ ಪೀಳಿಗೆಯ ಕೋರ್ ಚಿಪ್‌ಗಳಿಂದಲೇ ತೆಗೆದುಹಾಕಿದೆ.

ಪ್ಲೇಯರ್‌ನ ಹಿಂದೆ ಅಂಟಿಸಿದ ಚೀಟಿಯನ್ನು ಅಣ್ಣ ಓದಲಿ. 100-240 ವೋಲ್ಟ್ ಅಂತ ಇದ್ದರೆ ಪ್ಲಗ್ ಬದಲಿಸಿದರೆ ಸಾಕು. ಬರೀ 120 ಅಂತಿದ್ದರೆ ನೇರವಾಗಿ ನಮ್ಮ ಕರೆಂಟಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಇದರ ಜೊತೆಗೆ ರೀಜನ್ ಕೋಡ್ ಇದೆ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅನ್ನೋ ಗುರುತು. ಸಾದಾ ಬ್ಲೂ-ರೇಯಲ್ಲಿ ಅಮೆರಿಕ ಎ, ಭಾರತ ಸಿ. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಹಾಗಾಗಿ ಇಲ್ಲಿಯ ಹಳೆ ಡಿಸ್ಕ್ ಕೆಲವು ಅದರಲ್ಲಿ ಓಡದೇ ಇರಬಹುದು. 4ಕೆ ಡಿಸ್ಕ್‌ಗಳಿಗೆ ರೀಜನ್ ಇಲ್ಲ, ಯಾವ ದೇಶದಿಂದ ಬೇಕಾದರೂ ತರಿಸಿಕೊಳ್ಳಿ.

ಕಂಪನಿಯ ವೆಬ್‌ಸೈಟ್‌ನಿಂದ ಇತ್ತೀಚಿನ ಫರ್ಮ್‌ವೇರ್ (ಪ್ಲೇಯರ್ ಒಳಗಿನ ಸಾಫ್ಟ್‌ವೇರ್) ಇಳಿಸಿ ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಹೊಸ ಡಿಸ್ಕ್‌ಗಳ ನಕಲು ತಡೆಯುವ ಬೀಗಕ್ಕೆ ಹೊಸ ಕೀಲಿ ಬೇಕಾಗಬಹುದು, ಮುಂದೊಂದು ದಿನ ಆ ಪುಟವೇ ಇಲ್ಲದೆ ಹೋಗಬಹುದು.

ಡಿಸೆಂಬರ್‌ವರೆಗೆ ಕಾಯದೆ ಈಗಲೇ ಕೊಂಡು ಅಲ್ಲೇ ಓಡಿಸಿ ನೋಡಲು ಹೇಳಿ, ಸರಿ ಇಲ್ಲದಿದ್ದರೆ ಬದಲಿಸಿಕೊಳ್ಳಲು ಸಮಯ ಇರುತ್ತದೆ. ಓಡಿಸಿ ನೋಡಲು ಮೂರು ಪದರದ 100 ಜಿಬಿ ಡಿಸ್ಕ್ ಇರುವ ಉದ್ದದ ಸಿನಿಮಾ ಆರಿಸಲಿ. ಮೊದಲ ಹತ್ತು ನಿಮಿಷ ನೋಡಿ ನಿಲ್ಲಿಸಬಾರದು, ಕೊನೆಯವರೆಗೂ ಬಿಡಬೇಕು. ಲೇಸರ್ ಸ್ವಲ್ಪ ಮಂಕಾಗಿದ್ದರೂ ಪದರ ಬದಲಾಗುವ ಜಾಗದಲ್ಲಿ ಚಿತ್ರ ಗಕ್ಕನೆ ನಿಂತುಬಿಡಬಹುದು.