ಸರ್ಕಾರಿ ಶಾಲೆಯಲ್ಲಿ ತಪ್ಪಾದರೆ ಯಾರನ್ನು ಕೇಳಬೇಕು?

ನಮ್ಮೂರಿನ ಸರ್ಕಾರಿ ಶಾಲೆಗೆ ಯಜಮಾನ ಯಾರು, ಹೆಡ್‌ಮಾಸ್ಟರಾ, ಬಿಇಒನಾ (ಕ್ಷೇತ್ರ ಶಿಕ್ಷಣಾಧಿಕಾರಿ) ಅಂತ ಕೇಳಿದ್ದೀರಿ. ಅವರಿಬ್ಬರ ಜೊತೆ ಪೋಷಕರಾದ ನೀವೂ ಇದ್ದೀರಿ!

ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆ ಹೇಗೆ ನಡೀತಿದೆ, ಅನುದಾನ ಎಲ್ಲಿ ಖರ್ಚಾಯ್ತು ಅಂತ ನೋಡುವುದು ಅದರ ಕೆಲಸ. ಮೇಷ್ಟ್ರನ್ನು ವರ್ಗ ಮಾಡಿಸುವ ಅಧಿಕಾರ ಅದಕ್ಕಿಲ್ಲ, ಅದೆಲ್ಲ ಇಲಾಖೆಯದು.

ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಎಷ್ಟೋ ಕಡೆ ಸಭೆಯೇ ನಡೆಯುವುದಿಲ್ಲ. ಯಾವುದೋ ಹುಡುಗನ ಕೈಲಿ ನಡಾವಳಿ ಪುಸ್ತಕ ಮನೆಗೆ ಬರುತ್ತದೆ, ತಾಯಿ ಒಲೆ ಮುಂದೆ ಕೂತೇ ಸುಮ್ನೆ ಸಹಿ ಹಾಕುತ್ತಾಳೆ. ಹಾಗಾಗಿ ಮೊದಲು ಆ ಪುಸ್ತಕ, ಆಮೇಲೆ ಬಿಸಿಯೂಟದ ಲೆಕ್ಕ ನೋಡಿ. ತೋರಿಸದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ದೂರಿದ್ದರೆ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ. ಎಸ್‌ಡಿಎಂಸಿಯಲ್ಲಿ ಆಗದಿದ್ದರೆ ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ), ಬಿಇಒ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಅಂತ ಮೇಲೆ ಹೋಗಿ. ಮಗುವಿನ ಹಕ್ಕಿನ ವಿಷಯವಾದರೆ ಸ್ಥಳೀಯ ಪ್ರಾಧಿಕಾರ (ಪಂಚಾಯಿತಿ, ನಗರಸಭೆಯಂಥ ಸಂಸ್ಥೆ) ಮೂರು ತಿಂಗಳೊಳಗೆ ತೀರ್ಮಾನ ಕೊಡಬೇಕು. ಅದೂ ಸರಿ ಅನ್ನಿಸದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.