ಪೌಲನಿಗೆ ಮಾತಿನ ಕಲೆ ಬೇಡವಾಗಿತ್ತೇ?

ಸಂಪಾದಕರ ಉತ್ತರ: ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿ ಗ್ರೀಕ್ ಭಾಷಣಕಲೆಯ ಅಚ್ಚು ಕಾಣುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದು ನಿಮಗೆ ಸರಿಬಂದಿಲ್ಲ. ಜಾಣನುಡಿಯಿಂದ ಒಲಿಸಲು ತಾನು ಬರಲಿಲ್ಲ ಎಂದು ಕೊರಿಂಥದವರಿಗೆ ಅವನೇ ಬರೆದಿರುವಾಗ, ಇದು ಧರ್ಮಗ್ರಂಥವನ್ನು ಕೆಳಗಿಳಿಸಿದಂತಲ್ಲವೇ ಎಂದು ಕೇಳಿದ್ದೀರಿ.

ಪೌಲ ಹಾಗೆ ಬರೆದದ್ದು ನಿಜ. ಆದರೆ ‘ನಾನು ಮಾತು ಬಲ್ಲವನಲ್ಲ’ ಎಂದು ಶುರುಮಾಡುವುದು ಅಥೆನ್ಸಿನ ನ್ಯಾಯಸಭೆಗಳಲ್ಲೇ ಹಳತಾಗಿದ್ದ ಪಟ್ಟು. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯ ತೆಗೆದು ನೋಡಿ. ಕೃಪೆ ಹೆಚ್ಚಲಿ ಎಂದು ಪಾಪ ಮಾಡುತ್ತಲೇ ಇರೋಣವೇ ಎಂದು ಯಾರೋ ಎದುರಿಗೆ ಕೂತು ಕೆಣಕಿದಂತೆ ಪ್ರಶ್ನೆ; ಮರುಕ್ಷಣವೇ ‘ಎಂದಿಗೂ ಇಲ್ಲ’ ಎಂಬ ಉತ್ತರ. ನಮ್ಮ ಶಾಸ್ತ್ರಕಾರರ ಪೂರ್ವಪಕ್ಷವನ್ನು ನೆನಪಿಸುವ ಈ ಕ್ರಮ, ಅದೇ ಉತ್ತರದ ಸಮೇತ, ಸ್ಟೋಯಿಕ್ ಎಂಬ ಗ್ರೀಕ್ ತತ್ತ್ವಪಂಥದ ಗುರು ಎಪಿಕ್ಟೀಟಸನ ಪಾಠಗಳಲ್ಲೂ ಇದೆ. ಅವನು ಪೌಲನಿಗಿಂತ ಕಿರಿಯ. ಒಬ್ಬನನ್ನು ನೋಡಿ ಇನ್ನೊಬ್ಬ ಕಲಿತನೆಂದಲ್ಲ, ಆ ಕಾಲದಲ್ಲಿ ಪಾಠ ಹೇಳುತ್ತಿದ್ದ ರೀತಿಯೇ ಅದು.

ನಮಗೆ ಇನ್ನೂ ರುಚಿಸುವುದು ಹೊಸ ಒಡಂಬಡಿಕೆಯ ಇನ್ನೊಂದು ಪುಸ್ತಕವಾದ ಅಪೊಸ್ತಲರ ಕೃತ್ಯಗಳ 24ನೆಯ ಅಧ್ಯಾಯ. ಕೈಸರೈಯದಲ್ಲಿ ರೋಮಿನ ದೇಶಾಧಿಪತಿ ಫೇಲಿಕ್ಸನ ಮುಂದೆ, ಗಲಭೆ ಎಬ್ಬಿಸಿದ, ದೇವಾಲಯವನ್ನು ಅಪವಿತ್ರಗೊಳಿಸಲು ನೋಡಿದ ಎಂಬ ದೂರಿನ ಮೇಲೆ ಪೌಲನ ವಿಚಾರಣೆ. ದೂರುದಾರರು ಕರೆತಂದ ವಕೀಲ ತೆರ್ತುಲ್ಲ, ನಿನ್ನಿಂದ ನೆಮ್ಮದಿಯಾಗಿದ್ದೇವೆ, ನಿನ್ನ ಮುಂದಾಲೋಚನೆಯಿಂದ ಈ ಜನಕ್ಕೆ ಸುಧಾರಣೆಗಳಾಗಿವೆ ಎಂದೆಲ್ಲ ಹೊಗಳಿ, ಹೆಚ್ಚು ಹೊತ್ತು ತೊಂದರೆ ಕೊಡುವುದಿಲ್ಲ ಎನ್ನುತ್ತಾನೆ. (ಇದೇ ಫೇಲಿಕ್ಸ್ ರಾಜನ ಅಧಿಕಾರವನ್ನು ಗುಲಾಮಬುದ್ಧಿಯಿಂದ ಚಲಾಯಿಸಿದ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ!) ಪೌಲನೂ ನ್ಯಾಯಾಧಿಪತಿಯನ್ನು ಒಲಿಸಿಕೊಂಡೇ ಬಾಯಿ ತೆರೆಯುತ್ತಾನೆ. ಆದರೆ ಅವನು ಹೇಳುವುದು ಇಷ್ಟೇ: ನೀನು ಬಹಳ ವರ್ಷಗಳಿಂದ ಇಲ್ಲಿ ನ್ಯಾಯ ತೀರಿಸುತ್ತಿರುವುದನ್ನು ಬಲ್ಲೆ, ಆದ್ದರಿಂದ ಧೈರ್ಯವಾಗಿ ಪ್ರತಿವಾದ ಮಾಡುತ್ತೇನೆ. ಹೊಗಳಿಕೆಯೂ ಆಯಿತು, ಸುಳ್ಳೂ ಇಲ್ಲ. ಆಮೇಲೆ ನೇರ ವಿಷಯಕ್ಕೆ: ನಾನು ಯೆರೂಸಲೇಮಿಗೆ ಹೋಗಿ 12 ದಿನವಷ್ಟೇ ಆಯಿತು, ದೇವಾಲಯದಲ್ಲಿ ನನ್ನನ್ನು ಕಂಡ ಆಸ್ಯ ಸೀಮೆಯವರೇ ಬಂದು ದೂರಬೇಕಿತ್ತಲ್ಲ, ಅವರೆಲ್ಲಿ? ಎರಡೂ ಭಾಷಣಗಳನ್ನು ಈ ಪುಸ್ತಕದ ಕರ್ತೃವೆನ್ನಲಾದ ಲೂಕನೇ ಹೆಣೆದಿರಬಹುದು. ಸಂದರ್ಭಕ್ಕೆ ತಕ್ಕ ಮಾತನ್ನು ಭಾಷಣಕಾರರ ಬಾಯಲ್ಲಿಡುವುದು ಗ್ರೀಕ್ ಇತಿಹಾಸಕಾರರ ರೂಢಿ.

ಇನ್ನು ಕೆಳಗಿಳಿಸುವ ಮಾತು. ಮಿಲಾನಿನಲ್ಲಿ ಭಾಷಣಕಲೆ ಕಲಿಸುತ್ತಿದ್ದ ಅಗಸ್ಟೀನ್, ಬಿಷಪ್ ಆದ ಮೇಲೂ ಪೌಲನ ವಾಕ್ಯದ ಅಲಂಕಾರವನ್ನು ಬಿಡಿಸಿ ತೋರಿಸಿದ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ. ನಮ್ಮ ಲಾಕ್ಷಣಿಕರ ಕಾರಣಮಾಲೆ! ಪೌಲ ನಿಯಮ ನೋಡಿಕೊಂಡು ಬರೆದನೆಂದು ಅಗಸ್ಟೀನನೂ ಹೇಳಲಿಲ್ಲ.

ಹಾಗೆಂದು ಪ್ರತಿ ಪತ್ರವನ್ನೂ ಅಚ್ಚಿಗೆ ತುರುಕುವವರ ಜೊತೆ ನಾವಿಲ್ಲ. ಗಲಾತ್ಯದವರಿಗೆ ಬರೆದ ಪತ್ರ ನ್ಯಾಯಸಭೆಯ ಪ್ರತಿವಾದದ ಮಾದರಿಯದು ಎಂದು 1979ರಲ್ಲಿ ಬೈಬಲ್ ವಿದ್ವಾಂಸ ಹಾನ್ಸ್ ಡೀಟರ್ ಬೆಟ್ಸ್ ವಾದಿಸಿದರು. ಅದರ ಕೊನೆಯ ಎರಡು ಅಧ್ಯಾಯಗಳನ್ನು ಓದಿ. ಹೀಗೆ ಬಾಳಿ, ಹಾಗೆ ಬಾಳಬೇಡಿ ಎಂಬ ಬುದ್ಧಿಮಾತೇ ಹೆಚ್ಚು. ಕಟಕಟೆಯಲ್ಲಿ ನಿಂತವನು ನ್ಯಾಯಾಧೀಶರಿಗೇ ಬುದ್ಧಿ ಹೇಳುವುದುಂಟೆ?