ಹಣ್ಣುನೊಣಗಳ ಬಾಟಲಿಯಲ್ಲಿ ಗಿಡ್ಡ ರೆಕ್ಕೆಯವೇ ಹೆಚ್ಚಿದ್ದರೆ ಅದು ಪ್ರಬಲ ಗುಣವೇ?

ಉದ್ದ ರೆಕ್ಕೆಯ ಹಣ್ಣುನೊಣಕ್ಕೂ ಗಿಡ್ಡ ರೆಕ್ಕೆಯದಕ್ಕೂ ಸಂಕರಣ ಮಾಡಿಸಿದಾಗ 46 ಉದ್ದ ರೆಕ್ಕೆಯವು, 50 ಗಿಡ್ಡ ರೆಕ್ಕೆಯವು ಬಂದವು, ಗಿಡ್ಡವೇ ಹೆಚ್ಚಾದ್ದರಿಂದ ಅದೇ ಪ್ರಬಲ ಎಂದು ಬರೆದರೆ ಸರ್ ಒಪ್ಪಲಿಲ್ಲ, ಏಕೆ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರದ ಪ್ರಯೋಗ ಮಾಡಿಸುವವನು. ನಿಮ್ಮ ಸರ್ ಒಪ್ಪದಿದ್ದುದು ಸರಿ. ಆದರೆ ಇದೇ ಅಂಕಿಗಳನ್ನು ತೋರಿಸಿ ‘ಉದ್ದವೇ ಪ್ರಬಲ’ ಎಂದು ಬರೆದಿದ್ದರೂ ನಾನು ಅಂಕ ಕೊಡುತ್ತಿರಲಿಲ್ಲ.

46 ಮತ್ತು 50ರ ನಡುವಿನ ವ್ಯತ್ಯಾಸ ಬರೀ ಆಕಸ್ಮಿಕ. 1:1 ಎಂದು ಹಿಡಿದು ಕೈ-ವರ್ಗ (ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರವಿದೆ ಎಂದು ಅಳೆಯುವ ಪರೀಕ್ಷೆ) ಲೆಕ್ಕ ಹಾಕಿದರೆ 0.17 ಬರುತ್ತದೆ, ಸಂಶಯ ಪಡಬೇಕಾದ ಗಡಿ 3.84. ಅಂದರೆ ನಿಮ್ಮದು ಅಚ್ಚುಕಟ್ಟಾದ 1:1. ಒಂದು ನೊಣ ಎರಡೂ ಬಗೆಯ ಜೀನ್ ಹೊತ್ತಿದೆ, ಇನ್ನೊಂದು ದುರ್ಬಲ ಜೀನನ್ನೇ ಎರಡು ಪ್ರತಿ ಹೊತ್ತಿದೆ ಎಂದಷ್ಟೇ ಇದರಿಂದ ತಿಳಿಯುತ್ತದೆ. ಎರಡೂ ಬಗೆ ಹೊತ್ತಿರುವುದು ಯಾವ ನೊಣ? ಉದ್ದದ್ದಾದರೂ ಗಿಡ್ಡದ್ದಾದರೂ ಮರಿಗಳ ಲೆಕ್ಕ ಹೀಗೆಯೇ ಬರುತ್ತದೆ. ಬಹುಮತದಿಂದ ಪ್ರಬಲತೆ ತೀರ್ಮಾನವಾಗುವುದಿಲ್ಲ. ಎರಡು ಜೀನ್‌ಗಳು ಒಂದೇ ದೇಹದಲ್ಲಿ ಕೂಡಿದಾಗ ಯಾವುದು ಕಣ್ಣಿಗೆ ಕಾಣುತ್ತದೆ ಎಂಬುದೇ ಪ್ರಶ್ನೆ.

ಆದ್ದರಿಂದ ಸಮಾನರನ್ನು ಸಮಾನರೊಂದಿಗೆ ಕೂಡಿಸಿ. ಈ ಮರಿಗಳಲ್ಲಿಯೇ ಉದ್ದ ರೆಕ್ಕೆಯ ಗಂಡು-ಹೆಣ್ಣುಗಳನ್ನು ಒಂದು ಬಾಟಲಿಗೆ, ಗಿಡ್ಡ ರೆಕ್ಕೆಯವನ್ನು ಇನ್ನೊಂದಕ್ಕೆ ಹಾಕಿ. ಒಂದೇ ರೂಪದ ತಂದೆ-ತಾಯಿಗೆ ಬೇರೆ ರೂಪದ ಮರಿ ಹುಟ್ಟಿತೆಂದರೆ, ಹಾಗೆ ಹೊಸದಾಗಿ ಕಾಣಿಸಿಕೊಂಡದ್ದೇ ದುರ್ಬಲ ಗುಣ. ಅದು ತಂದೆ-ತಾಯಿ ಇಬ್ಬರಲ್ಲೂ ಅಡಗಿತ್ತು. ನಿಮ್ಮ ಗಿಡ್ಡ ರೆಕ್ಕೆಯದು ವೆಸ್ಟಿಜಿಯಲ್ ಎಂಬ ಮೊಟಕು ರೆಕ್ಕೆಯ ತಳಿಯೇ ಆಗಿದ್ದರೆ ಉದ್ದ ರೆಕ್ಕೆಯವುಗಳ ಬಾಟಲಿಯಲ್ಲಿ ಸುಮಾರು ಕಾಲು ಭಾಗ ಗಿಡ್ಡ ರೆಕ್ಕೆಯವು ಕಾಣಬೇಕು, ಗಿಡ್ಡ ರೆಕ್ಕೆಯವುಗಳ ಬಾಟಲಿಯಲ್ಲಿ ಗಿಡ್ಡ ರೆಕ್ಕೆಯವಲ್ಲದೆ ಬೇರೇನೂ ಇರಬಾರದು.

‘ಪ್ರಕೃತಿಯಲ್ಲಿ ಹೆಚ್ಚು ಕಾಣುವುದೇ ಪ್ರಬಲ’ ಎಂಬ ಮಾತನ್ನೂ ನಂಬಬೇಡಿ. ಕರ್ಲಿ ಎಂಬ ತಳಿಯ ರೆಕ್ಕೆ ಮೇಲಕ್ಕೆ ಸುರುಳಿಯಾಗಿರುತ್ತದೆ. ಅಪರೂಪದ ಗುಣ, ಆದರೂ ಪ್ರಬಲ. ಕರ್ಲಿಗೆ ಕರ್ಲಿಯನ್ನೇ ಕೂಡಿಸಿದರೆ 3:1 ಬಾರದೆ 2:1 ಬರುತ್ತದೆ, ಏಕೆಂದರೆ ಆ ಜೀನಿನ ಎರಡು ಪ್ರತಿ ಪಡೆದವು ನೊಣವಾಗುವ ಮೊದಲೇ ಸಾಯುತ್ತವೆ. ಪರೀಕ್ಷಕರಿಗೆ ಇದು ಬಹಳ ಪ್ರಿಯವಾದ ಪ್ರಶ್ನೆ.

ಕಣ್ಣಿನ ಬಣ್ಣದ ಪ್ರಯೋಗಕ್ಕೆ ಬಂದಾಗ ಗಂಡು, ಹೆಣ್ಣುಗಳನ್ನು ಬೇರೆ ಬೇರೆ ಎಣಿಸದೆ ಒಂದು ಸಾಲನ್ನೂ ಬರೆಯಬೇಡಿ. ಬಿಳಿ ಕಣ್ಣಿನ ಹೆಣ್ಣಿಗೆ ಕೆಂಪು ಕಣ್ಣಿನ ಗಂಡನ್ನು ಕೂಡಿಸಿದರೂ ಒಟ್ಟು ಲೆಕ್ಕ 1:1 ಆಗುತ್ತದೆ. ಆದರೆ ಹೆಣ್ಣುಮರಿಗಳೆಲ್ಲ ಕೆಂಪು, ಗಂಡುಮರಿಗಳೆಲ್ಲ ಬಿಳಿ. ಆ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಗಂಡಿಗೆ ಅದು ತಾಯಿಯಿಂದ ಮಾತ್ರ ಬರುತ್ತದೆ. 1910ರಲ್ಲಿ ಅಮೆರಿಕದ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಬಿಳಿ ಕಣ್ಣಿನ ಗಂಡಿನಿಂದ ಆರಂಭಿಸಿ ಎರಡನೆಯ ಪೀಳಿಗೆಯಲ್ಲಿ 2459 ಕೆಂಪು ಹೆಣ್ಣು, 1011 ಕೆಂಪು ಗಂಡು, 782 ಬಿಳಿ ಗಂಡು ಎಣಿಸಿದರು. ಬಿಳಿ ಕಣ್ಣಿನ ಹೆಣ್ಣು ಒಂದೂ ಇರಲಿಲ್ಲ. ಕೆಂಪು-ಬಿಳಿ ಎಂದು ಕೂಡಿಸಿ ನೋಡಿ: 3:1 ಅಲ್ಲ, ಸುಮಾರು 4.4:1. ಬಿಳಿ ಕಣ್ಣಿನವು ಬದುಕಿ ಉಳಿಯುವುದು ಕಡಿಮೆ. ಮಾರ್ಗನ್ ಅವರ ಲೆಕ್ಕವೇ ಸರಿಯಾಗಿ ಕೂಡಲಿಲ್ಲ ಎಂದ ಮೇಲೆ ನಿಮ್ಮ ರೆಕಾರ್ಡ್ ಪುಸ್ತಕದಲ್ಲಿ ಅಂಕಿಗಳನ್ನು ತಿದ್ದಿ 75:25 ಮಾಡುವ ಅಗತ್ಯವಿಲ್ಲ. ನಮಗೆ ಅದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ಕೈಕೆಲಸ. ಹೆಣ್ಣು ಕನ್ಯೆಯಾಗಿರಲೇಬೇಕು, ಒಮ್ಮೆ ಕೂಡಿದರೆ ವೀರ್ಯವನ್ನು ದೇಹದಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತದೆ, ಆಮೇಲೆ ನೀವು ಹಾಕಿದ ಗಂಡೇ ತಂದೆ ಎನ್ನಲು ಆಧಾರವಿಲ್ಲ. ಬೆಳಿಗ್ಗೆ ಬಾಟಲಿಯಲ್ಲಿ ಹಾರಾಡುವ ನೊಣಗಳನ್ನೆಲ್ಲ ಹೊರಹಾಕಿ, ಅದನ್ನು 25 ಡಿಗ್ರಿಯಲ್ಲಿಟ್ಟು, ಎಂಟು ಗಂಟೆಯೊಳಗೆ ಕೋಶದಿಂದ ಹೊಸದಾಗಿ ಹೊರಬಂದ ಹೆಣ್ಣುಗಳನ್ನು ಆರಿಸಿ. ಮೈ ಪೇಲವವಾಗಿ, ಹೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತಿದ್ದರೆ ಅದು ಈಗಷ್ಟೇ ಹೊರಬಂದದ್ದು.

ಆಹಾರದ ಚಿಂತೆ ನಮ್ಮ ಕಡೆ ಇಲ್ಲ: ರವೆ, ಮಹಾಲಿಂಗಪುರದ ಬೆಲ್ಲ, ಅಗರ್, ಬೂಷ್ಟು ಬಾರದಂತೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ, ಮೇಲೆ ಯೀಸ್ಟ್. ಚಿಂತೆ ಇರುವುದು ಬಿಸಿಲಿನದು. 30 ಡಿಗ್ರಿಯ ಆಸುಪಾಸಿನಲ್ಲಿ ಬೆಳೆದ ಗಂಡುಗಳು ಬಂಜೆಯಾಗುತ್ತವೆ. ಅದಕ್ಕಿಂತ ಮೋಸದ್ದು ಇನ್ನೊಂದಿದೆ: ವೆಸ್ಟಿಜಿಯಲ್ ಮರಿಹುಳು ಅಂಥ ಶಾಖದಲ್ಲಿ ಬೆಳೆದರೆ ರೆಕ್ಕೆ ಉದ್ದವಾಗುತ್ತದೆ. ಜೀನ್ ಬದಲಾಗಿರುವುದಿಲ್ಲ, ನಿಮ್ಮ ಎಣಿಕೆ ಮಾತ್ರ ಕೆಡುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರ, ಬಾಗಲಕೋಟೆಗಳ ಪ್ರಯೋಗಾಲಯದ ಕಪಾಟಿನಲ್ಲಿ ಬಾಟಲಿ ಇಡುವ ಬದಲು ತಂಪುಪೆಟ್ಟಿಗೆಯಂಥ ಇನ್ಕ್ಯುಬೇಟರ್ ಇದ್ದರೆ ಅದರಲ್ಲಿಡಿ, ಇಲ್ಲವೇ ಈ ಪ್ರಯೋಗವನ್ನು ನವೆಂಬರ್‌ಗೆ ಹಾಕಿಕೊಳ್ಳುವಂತೆ ನಿಮ್ಮ ಸರ್ ಅವರನ್ನು ಕೇಳಿ.